ಸಹಾಯ ಬೇಕು: ಮಗಳ ಶಾಲಾ ಇಮೇಲ್ ಖಾತೆ ಬೇರೆಯವರ ಕೈಗೆ ಸಿಕ್ಕಿದೆ

ನಮಸ್ಕಾರ, ನಾವು ಮಂಡ್ಯದವರು. ಒಂಬತ್ತನೇ ತರಗತಿಯ ಮಗಳಿಗೆ ಶಾಲೆಯವರು ಓದಿಗೆಂದು ಗೂಗಲ್ ಇಮೇಲ್ ಖಾತೆ ಕೊಟ್ಟಿದ್ದಾರೆ. ಅದರ ಪಾಸ್‌ವರ್ಡನ್ನು ಅವಳು ಚೀಟಿಯಲ್ಲಿ ಬರೆದು ಜಾಮಿಟ್ರಿ ಬಾಕ್ಸ್‌ನ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಳು. ನಿನ್ನೆ ಯಾರೋ ಅವಳ ಹೆಸರಿನಲ್ಲಿ ಸಹಪಾಠಿಯೊಬ್ಬಳಿಗೆ ಕೆಟ್ಟ ಮಾತು ಬರೆದು ಕಳುಹಿಸಿದ್ದಾರೆ. ಆ ಹುಡುಗಿ ಅತ್ತಿದ್ದಾಳೆ. ನನ್ನ ಮಗಳು ರಾತ್ರಿ ತಟ್ಟೆಯ ಮುಂದೆ ಕುಳಿತು ಒಂದು ತುತ್ತೂ ಮುಟ್ಟಲಿಲ್ಲ.

ಖಾತೆಯ ಭದ್ರತಾ ವಿಭಾಗದಲ್ಲಿ ಸಾಧನಗಳ ಪಟ್ಟಿ ತೆರೆದರೆ ನಮ್ಮದಲ್ಲದ ಮೊಬೈಲ್ ಒಂದು ಕಾಣಿಸಿತು. ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿದೆ. ಸಂದೇಶವನ್ನು ಅಳಿಸಿಲ್ಲ.

ಇಂಥ ಖಾತೆಗಳ ಲಾಗಿನ್ ದಾಖಲೆಯನ್ನು ಶಾಲೆಯ ಅಡ್ಮಿನ್ (ಈ ಖಾತೆಗಳನ್ನು ನೋಡಿಕೊಳ್ಳುವವರು) ನೋಡಬಹುದು. ಅದನ್ನು ಪರಿಶೀಲಿಸುವಂತೆ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಬೇಕಾಗಿದೆ. ಬರೆದು ಅನುಭವವಿರುವ ಪೋಷಕರು, ಶಿಕ್ಷಕರು ದಯವಿಟ್ಟು ಒಂದು ಮಾದರಿ ಕೊಡುತ್ತೀರಾ? ಕಳುಹಿಸಿದವರೂ ಮಕ್ಕಳೇ ಇರಬೇಕು. ಅವರನ್ನು ತರಗತಿಯ ಮುಂದೆ ನಿಲ್ಲಿಸುವುದು ನನಗೆ ಬೇಡ.