ನಾಲ್ಕು ಕಂಟ್ರೋಲರ್ ಹಾಕಿದರೆ ಎಲ್ಲವೂ ಒಟ್ಟಿಗೆ ಕಟ್ ಆಗುತ್ತವೆ, ಪವರ್ ಸಾಲುತ್ತಿಲ್ಲವಾ?

ನಾಲ್ಕುಪ್ಯಾಡ್:
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ನಾಲ್ಕು ಯುಎಸ್‌ಬಿ ಕಂಟ್ರೋಲರ್ ಹಾಕಿಕೊಂಡು ಆಡಲು ಕೂರುತ್ತೇವೆ. ಜೋರಾಗಿ ವೈಬ್ರೇಟ್ ಆದ ತಕ್ಷಣ ನಾಲ್ಕೂ ಒಟ್ಟಿಗೆ ಕಟ್ ಆಗುತ್ತವೆ. ಎರಡು ಮೂರು ಸೆಕೆಂಡಿಗೆ ವಾಪಸ್ ಬರುತ್ತವೆ, ಆದರೆ ಆಟಗಾರರ ನಂಬರ್ ಅದಲು ಬದಲಾಗಿರುತ್ತದೆ. ಒಂದನೆಯವನ ಕಾರು ಮೂರನೆಯವನ ಕೈಗೆ ಹೋಗಿರುತ್ತದೆ. ಎರಡೇ ಹಾಕಿದರೆ ಏನೂ ತೊಂದರೆ ಇಲ್ಲ. ಒಂದೆರಡು ಗಂಟೆ ಆಡಿದ ಮೇಲೆ ತಾನಾಗೇ ಸರಿ ಹೋಗುತ್ತದೆ, ಮರುದಿನ ಮತ್ತೆ ಅದೇ ಕಥೆ. ಆಟ ಬದಲಿಸಿ ನೋಡಿದೆ, ಕಂಟ್ರೋಲರ್ ಹಿಂದು ಮುಂದು ಮಾಡಿ ನೋಡಿದೆ. ಒಂದು ಕಂಟ್ರೋಲರ್ ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತದೆ, ಯಾರಿಗಾದರೂ ಗೊತ್ತಾ?

ಪೈಪ್ರಿಯ:
ಯಾವುದಕ್ಕೆ ಹಾಕಿದ್ದೀರಿ ಅಂತಲೇ ಹೇಳಿಲ್ಲವಲ್ಲ ಸರ್. ರಾಸ್ಪ್‌ಬೆರಿ ಪೈ, ಅದೇ ಆ ಅಂಗೈಯಗಲದ ಕಂಪ್ಯೂಟರ್ ಬೋರ್ಡ್, ಆಗಿದ್ದರೆ ಕಾರಣ ನನಗೆ ಗೊತ್ತು.

ನಾಲ್ಕುಪ್ಯಾಡ್:
ಹೌದು, ಪೈ 4. ಅದೇ ಅಂತ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಪೈಪ್ರಿಯ:
ಹಾಗಾದರೆ ಅಡಾಪ್ಟರ್ ಸಮಸ್ಯೆ, ಬೇರೆ ಏನೂ ಹುಡುಕಬೇಡಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪ್ ಬೇಕು. ಫೋನ್ ಚಾರ್ಜರ್ ಹಾಕಿದರೆ ಆಗುವುದೇ ಇದು. ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಒಟ್ಟು 1.2 ಆಂಪ್ ಮಾತ್ರ ಕೊಡುತ್ತದೆ. ಬೋರ್ಡಿಗೆ ಬರುವ ವೋಲ್ಟೇಜ್ 4.63ರ ಕೆಳಗೆ ಇಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಬಂದಿದೆಯಾ ನೋಡಿ.

ನಾಲ್ಕುಪ್ಯಾಡ್:
ಅಡಾಪ್ಟರ್ ಪೈ ಜೊತೆ ಕೊಡುವ ಒರಿಜಿನಲ್ಲೇ. ಮಿಂಚಿನ ಗುರುತು ಒಮ್ಮೆಯೂ ಬಂದಿಲ್ಲ.

ಪೈಪ್ರಿಯ:
ಆಡುವಾಗ ಕಣ್ತಪ್ಪಿರಬಹುದು. ಬೇರೆ ಅಡಾಪ್ಟರ್ ಹಾಕಿ ನೋಡಿ. ನನಗೆ ಇದು ಮೂರು ಸಲ ಆಗಿದೆ, ಮೂರು ಸಲವೂ ಅಡಾಪ್ಟರೇ.

ಕರ್ನಲ್‌ಕಣ್ಣು:
ಊಹೆ ಬೇಡ, ಪೈಯನ್ನೇ ಕೇಳಬಹುದು. ಟರ್ಮಿನಲ್‌ನಲ್ಲಿ ವಿಸಿಜೆನ್‌ಕಮಾಂಡ್‌ನ ಗೆಟ್ ಥ್ರಾಟಲ್ಡ್ (vcgencmd get_throttled) ಕೊಡಿ. ಪೈ ಆನ್ ಆದಾಗಿನಿಂದ ಒಂದು ಸಲ ವೋಲ್ಟೇಜ್ ಬಿದ್ದಿದ್ದರೂ ಅದು ನೆನಪಿಟ್ಟುಕೊಂಡಿರುತ್ತದೆ. ಕಟ್ ಆದ ಮೇಲೆ, ರೀಬೂಟ್ ಮಾಡುವ ಮೊದಲೇ ಕೊಡಿ.

ಹಳೇಜಾಯ್‌ಸ್ಟಿಕ್:
ಇಷ್ಟೆಲ್ಲ ಯಾಕೆ? ಪ್ರತಿ ಕಂಟ್ರೋಲರ್ 500 ಮಿಲಿಆಂಪ್ ಬೇಕು ಅಂತ ತಾನೇ ಹೇಳಿಕೊಳ್ಳುತ್ತದೆ. ವೈರ್ ಇರುವ ಎಕ್ಸ್‌ಬಾಕ್ಸ್ 360 ಪ್ಯಾಡ್ ಹಾಕಿ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ (lsusb) ಔಟ್‌ಪುಟ್ ವಿವರವಾಗಿ ನೋಡಿ, ಮ್ಯಾಕ್ಸ್‌ಪವರ್ 500 ಅಂತ ಇರುತ್ತದೆ. ನಾಲ್ಕು ಐದಲೆ ಇಪ್ಪತ್ತು, ಅಂದರೆ 2 ಆಂಪ್. ಪೈ ಕೊಡುವುದು 1.2. ಲೆಕ್ಕ ಅಲ್ಲಿಗೇ ಮುಗಿಯಿತು.

ಮೀಟರ್‌ಹಿಡಿದವ:
ಮುಗಿದಿಲ್ಲ ಸರ್. ಮ್ಯಾಕ್ಸ್‌ಪವರ್ ಅನ್ನುವುದು ಕಂಟ್ರೋಲರ್ ಕೇಳಿ ಇಟ್ಟುಕೊಳ್ಳುವ ಮಿತಿ, ಎಳೆಯುವ ಕರೆಂಟ್ ಅಲ್ಲ. ಯುಎಸ್‌ಬಿ 2.0 ನಿಯಮದಲ್ಲಿ ಮೊದಲು 100 ಮಿಲಿಆಂಪ್ ಒಳಗೆ ಇರಬೇಕು, ಒಪ್ಪಿಗೆ ಸಿಕ್ಕ ಮೇಲೆ 500ರ ತನಕ ಹೋಗಬಹುದು. ತಯಾರಿಸುವವರು ಗೋಜಲೇ ಬೇಡ ಅಂತ ಮೇಲಿನ ಅಂಕಿ ಬರೆದುಬಿಡುತ್ತಾರೆ. ಒಂದು ಅಂಕಿಗೆ 2 ಮಿಲಿಆಂಪ್‌ನ ಲೆಕ್ಕದಲ್ಲಿ 250 ಅಂತ ಬರೆಯುತ್ತಾರೆ, ನಮಗೆ 500 ಅಂತ ಕಾಣುತ್ತದೆ.

ಬ್ಯಾಟರಿಯ ಕಡೆಯಿಂದ ನೋಡಿ. ಸ್ವಿಚ್ ಪ್ರೊ ಕಂಟ್ರೋಲರ್‌ನಲ್ಲಿ 1300 ಮಿಲಿಆಂಪ್ ಅವರ್ ಬ್ಯಾಟರಿ ಇದೆ, ಸುಮಾರು 40 ಗಂಟೆ ಬರುತ್ತದೆ ಅಂತ ನಿಂಟೆಂಡೋ ಹೇಳುತ್ತದೆ. ಭಾಗಿಸಿದರೆ ಮೂವತ್ತು ಮಿಲಿಆಂಪ್‌ನ ಆಸುಪಾಸು. ರೇಡಿಯೋ ಸೇರಿ ಅಷ್ಟೇ! ಬಟನ್, ಸ್ಟಿಕ್, ಒಂದು ಚಿಕ್ಕ ಚಿಪ್, ಇವಕ್ಕೆ ಅರ್ಧ ಆಂಪ್ ಯಾಕೆ ಬೇಕು?

ಹಳೇಜಾಯ್‌ಸ್ಟಿಕ್:
ಮಿಲಿಆಂಪ್ ಬೇರೆ, ಮಿಲಿಆಂಪ್ ಅವರ್ ಬೇರೆ. ಎರಡನ್ನೂ ಬೆರೆಸಬೇಡಿ. ಬ್ಯಾಟರಿ 3.7 ವೋಲ್ಟ್, ಯುಎಸ್‌ಬಿ 5 ವೋಲ್ಟ್.

ಮೀಟರ್‌ಹಿಡಿದವ:
ಬೆರೆಸಿಲ್ಲ, ಗಂಟೆಯಿಂದ ಭಾಗಿಸಿದ್ದೇನೆ. 5 ವೋಲ್ಟಿಗೆ ತಂದರೆ ಇನ್ನೂ ಕಡಿಮೆಯಾಗುತ್ತದೆ, ಜಾಸ್ತಿ ಆಗುವುದಿಲ್ಲ.

ಹಳೇಜಾಯ್‌ಸ್ಟಿಕ್:
ಮತ್ತೆ ಮೋಟಾರ್? ಅದರ ಲೆಕ್ಕ ಎಲ್ಲಿ?

ಮೀಟರ್‌ಹಿಡಿದವ:
ಅದು ಸರಿಯಾದ ಪ್ರಶ್ನೆ. ನನ್ನ ವೈರ್ ಪ್ಯಾಡನ್ನು ಮೀಟರ್ ಮೂಲಕ ಹಾಕಿ ನೋಡಿದ್ದೇನೆ. ಸುಮ್ನೆ ಇದ್ದಾಗ 35 ಮಿಲಿಆಂಪ್. ಬಲಗಡೆಯ ಚಿಕ್ಕ ಮೋಟಾರ್ ತಿರುಗಿದರೆ 80. ಎಡಗಡೆ ಭಾರದ ತುಂಡು ಇರುವ ದೊಡ್ಡ ಮೋಟಾರ್ ಕೂಡ ಸೇರಿದರೆ 170ರ ಹತ್ತಿರ. ಮೋಟಾರ್ ನಿಂತ ಜಾಗದಿಂದ ಹೊರಡುವ ಕ್ಷಣದಲ್ಲಿ ಇದಕ್ಕಿಂತ ತುಂಬ ಜಾಸ್ತಿ ಎಳೆಯುತ್ತದೆ, ಆದರೆ ಮೀಟರ್ ಅಷ್ಟು ಬೇಗ ತೋರಿಸುವುದಿಲ್ಲ. ಪರದೆಯ ಮೇಲೆ ವೋಲ್ಟ್‌ನ ಕೊನೆಯ ಅಂಕಿ ಒಮ್ಮೆ ನಡುಗುತ್ತದೆ, ಅಷ್ಟೇ ಕಾಣುವುದು.

ಎಂಟುಜನ:
ನನ್ನದು ಎಂಟು ಪ್ಯಾಡ್‌ಗಳ ವ್ಯವಸ್ಥೆ. 12 ವೋಲ್ಟ್ ಅಡಾಪ್ಟರ್ ಇರುವ ಹತ್ತು ಪೋರ್ಟಿನ ಹಬ್ (ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ), ಪ್ರತಿ ಪೋರ್ಟಿಗೂ ಬೇರೆ ಸ್ವಿಚ್, ಪ್ರತಿ ಪ್ಯಾಡಿಗೆ ಬೇರೆ ಬಣ್ಣದ ಟೇಪ್. ಮೇಜಿನ ಕೆಳಗೆ ಕೇಬಲ್‌ಗಳಿಗೆ ಮರದ ಪಟ್ಟಿ ಹೊಡೆದಿದ್ದೇನೆ. ಎರಡು ವರ್ಷದಲ್ಲಿ ಒಂದು ಸಲವೂ ಕಟ್ ಆಗಿಲ್ಲ. ಕಂಪ್ಯೂಟರಿನ ಯುಎಸ್‌ಬಿ 3 ಪೋರ್ಟಿಗೆ ಹಾಕಿದ್ದೇನೆ, ಅಲ್ಲಿ ಮಿತಿಯೇ 900 ಮಿಲಿಆಂಪ್.

ಪೈಪ್ರಿಯ:
ಚೆನ್ನಾಗಿದೆ ಸರ್. ಟೇಪ್ ಉಪಾಯ ನಾನೂ ಮಾಡುತ್ತೇನೆ. ಪೋಲಿಂಗ್, ಅಂದರೆ ಕಂಪ್ಯೂಟರ್ ಪ್ಯಾಡನ್ನು ಸೆಕೆಂಡಿಗೆ ಎಷ್ಟು ಸಲ ಕೇಳಬೇಕು ಅನ್ನುವುದು, ಎಷ್ಟಿಟ್ಟಿದ್ದೀರಿ? ನಾನು 1000 ಹರ್ಟ್ಸ್.

ಎಂಟುಜನ:
125 ಸಾಕು. 1000ದಲ್ಲಿ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪೈಪ್ರಿಯ:
ತಿಳಿಯುತ್ತದೆ. 125 ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ ಕೇಳುತ್ತದೆ. ಹೊಡೆದಾಟದ ಆಟದಲ್ಲಿ ಅದು ಅರ್ಧ ಫ್ರೇಮ್.

ಕರ್ನಲ್‌ಕಣ್ಣು:
ಪೋಲಿಂಗ್‌ಗೆ ಬೇರೆ ಚರ್ಚೆ ಶುರು ಮಾಡಿ, ದಯವಿಟ್ಟು. ನಾಲ್ಕುಪ್ಯಾಡ್ ಅವರೇ, ಏನು ಬಂತು?

ನಾಲ್ಕುಪ್ಯಾಡ್:
ಈಗ ತಾನೇ ಕಟ್ ಆಯಿತು. ಥ್ರಾಟಲ್ಡ್ ಸೊನ್ನೆ ಅಂತ ಬಂದಿದೆ.

ಕರ್ನಲ್‌ಕಣ್ಣು:
ಸೊನ್ನೆ ಅಂದರೆ ಪೈಗೆ ಬರುವ ವೋಲ್ಟೇಜ್ ಒಂದು ಸಲವೂ ಬಿದ್ದಿಲ್ಲ. ಅಡಾಪ್ಟರ್ ವಿಷಯ ಬಿಡೋಣ. ಸಿಸ್ಟಮ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಔಟ್‌ಪುಟ್‌ನಲ್ಲಿ ಕಟ್ ಆದ ಸಾಲುಗಳು ಯಾವ ಕ್ರಮದಲ್ಲಿವೆ?

ನಾಲ್ಕುಪ್ಯಾಡ್:
ಮೊದಲ ಸಾಲು ಯುಎಸ್‌ಬಿ 1-1.3 ಡಿಸ್‌ಕನೆಕ್ಟ್. ಆಮೇಲೆ 1-1.3.1, 1-1.3.2, 1-1.3.3, 1-1.3.4. ಕೀಬೋರ್ಡ್ 1-1.4ರಲ್ಲಿ ಇದೆ, ಅದು ಕಟ್ ಆಗಿಲ್ಲ.

ಕರ್ನಲ್‌ಕಣ್ಣು:
ಇಲ್ಲೇ ಇದೆ ನೋಡಿ. 1-1.3 ಅನ್ನುವುದು ಕಂಟ್ರೋಲರ್ ಅಲ್ಲ, ಹಬ್. ಮೊದಲು ಹೋಗಿದ್ದು ಹಬ್, ಅದರ ಹಿಂದೆ ನಾಲ್ಕೂ ಹೋದವು. ಪಕ್ಕದ ಪೋರ್ಟಿನ ಕೀಬೋರ್ಡ್ ಆರಾಮಾಗಿದೆ. ಹಬ್ ಇದೆ ಅಂತ ನೀವು ಹೇಳಲೇ ಇಲ್ಲ! ಯಾವ ತರದ್ದು? ಕೇಬಲ್ ಎಷ್ಟು ಉದ್ದ?

ನಾಲ್ಕುಪ್ಯಾಡ್:
ನಾಲ್ಕು ಪೋರ್ಟಿನ ಮಾಮೂಲಿ ಹಬ್. ಪಕ್ಕದಲ್ಲಿ ಅಡಾಪ್ಟರ್ ಹಾಕಲು ದುಂಡು ತೂತು ಇದೆ, ಅಡಾಪ್ಟರ್ ಜೊತೆಗೆ ಬಂದಿರಲಿಲ್ಲ. ಪೈ ಟಿವಿ ಹಿಂದೆ ಇದೆ, ಸೋಫಾ ದೂರ. ಅದಕ್ಕೆ 3 ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಹಬ್ಬನ್ನು ಸೋಫಾ ಹತ್ತಿರ ತಂದಿದ್ದೇನೆ.

ಮೀಟರ್‌ಹಿಡಿದವ:
ಕೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ? 28 ಎಡಬ್ಲ್ಯೂಜಿ ಅಂತಲೋ 24 ಅಂತಲೋ ಇರಬೇಕು. ಅದು ತಂತಿಯ ಗೇಜ್, ಅಂಕಿ ದೊಡ್ಡದಾದಷ್ಟೂ ತಂತಿ ತೆಳು. ಇನ್ನೊಂದು ಪ್ರಶ್ನೆ. ನಾಲ್ಕೂ ವೈರ್ ಪ್ಯಾಡ್‌ಗಳೇನಾ, ಬ್ಯಾಟರಿ ಇರುವುದು ಯಾವುದಾದರೂ ಇದೆಯಾ? ಒಂದೆರಡು ಗಂಟೆಯ ಮೇಲೆ ತಾನಾಗೇ ಸರಿಯಾಗುತ್ತದೆ ಅಂದಿರಲ್ಲ, ಆ ಮಾತು ನನಗೆ ಮೊದಲಿನಿಂದ ಕೊರೆಯುತ್ತಿದೆ.

ನಾಲ್ಕುಪ್ಯಾಡ್:
ಟಾರ್ಚ್ ಹಿಡಿದು ನೋಡಿದೆ, 28 ಅಂತ ಇದೆ. ಎರಡು ವೈರ್ ಪ್ಯಾಡ್. ಇನ್ನೆರಡು ಬ್ಲೂಟೂತ್ ಪ್ಯಾಡ್, ಅವನ್ನೂ ಕೇಬಲ್ ಹಾಕಿಯೇ ಆಡುತ್ತೇವೆ. ಚಾರ್ಜ್ ಮಾಡುವುದು ಮರೆತಿರುತ್ತೇವೆ ಅಂತ.

ಮೀಟರ್‌ಹಿಡಿದವ:
ಸಿಕ್ಕಿತು. ಕೇಬಲ್‌ನಿಂದ ಬರುವ ಕರೆಂಟಿನ ಬಹುಪಾಲು ಆಟಕ್ಕೆ ಹೋಗುತ್ತಿಲ್ಲ, ಬ್ಯಾಟರಿ ತುಂಬಲು ಹೋಗುತ್ತಿದೆ. ಡ್ಯುಯಲ್‌ಶಾಕ್ 4ರಲ್ಲಿ 1000 ಮಿಲಿಆಂಪ್ ಅವರ್, ಡ್ಯುಯಲ್‌ಸೆನ್ಸ್‌ನಲ್ಲಿ 1560 ಮಿಲಿಆಂಪ್ ಅವರ್ ಬ್ಯಾಟರಿ ಇರುತ್ತದೆ. ಖಾಲಿಯಾದ ಬ್ಯಾಟರಿ ಪ್ಯಾಡ್ ಒಂದನ್ನು ನನ್ನ ಮೀಟರಿಗೆ ಹಾಕಿದಾಗ 400 ದಾಟಿತ್ತು. ತುಂಬಿದ ಮೇಲೆ ಅದೇ ಪ್ಯಾಡ್ 60.

ಈಗ ಕೇಬಲ್ ಲೆಕ್ಕ. 28 ಗೇಜ್ ತಂತಿಗೆ ಮೀಟರಿಗೆ ಸುಮಾರು 0.21 ಓಮ್. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ 3 ಮೀಟರ್ ಅಲ್ಲ, 6 ಮೀಟರ್. ಹತ್ತಿರ ಹತ್ತಿರ 1.3 ಓಮ್ ಆಯಿತು. ಎರಡು ಬ್ಯಾಟರಿ ಪ್ಯಾಡ್, ಎರಡು ವೈರ್ ಪ್ಯಾಡ್ ಸೇರಿ 0.9 ಆಂಪ್ ಅಂದುಕೊಳ್ಳಿ. ಕೇಬಲ್‌ನಲ್ಲೇ 1.1 ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಪೈ ಹತ್ತಿರ 5 ಇದ್ದರೂ ಹಬ್ಬಿಗೆ ಸಿಗುವುದು 4ರ ಕೆಳಗೆ. ಅದರ ಮೇಲೆ ನಾಲ್ಕು ಪ್ಯಾಡಿನ ಮೋಟಾರ್ ಒಂದೇ ಸಲ ಹೊರಟರೆ ಹಬ್ ಚಿಪ್ಪಿಗೆ ಉಸಿರು ಕಟ್ಟಿ ರೀಸೆಟ್ ಆಗುತ್ತದೆ. ಪೈಗೆ ಇದು ತಿಳಿಯುವುದೇ ಇಲ್ಲ.

ಹಳೇಜಾಯ್‌ಸ್ಟಿಕ್:
ಆದರೆ ಅಡಾಪ್ಟರ್ ಇಲ್ಲದ ಹಬ್ ಪ್ರತಿ ಪೋರ್ಟಿಗೆ 100 ಮಿಲಿಆಂಪ್ ಮಾತ್ರ ಕೊಡಬೇಕು. 500 ಕೇಳುವ ಪ್ಯಾಡನ್ನು ಪೈಯಲ್ಲಿ ಓಡುವ ಲಿನಕ್ಸ್ ಒಪ್ಪಿಕೊಂಡಿದ್ದು ಹೇಗೆ?

ಕರ್ನಲ್‌ಕಣ್ಣು:
ಒಳ್ಳೆಯ ಪ್ರಶ್ನೆ. ಸರಿಯಾದ ಹಬ್ ಆಗಿದ್ದರೆ ಬಸ್ ಪವರ್ ಸಾಲದು, ಕಾನ್ಫಿಗರೇಷನ್ ತಿರಸ್ಕರಿಸಿದೆ ಅನ್ನುವ ಸಾಲು ಡಿಮೆಸೇಜ್‌ನಲ್ಲಿ ಬರುತ್ತಿತ್ತು. ಅಡಾಪ್ಟರ್ ತೂತು ಇರುವ ಹಬ್‌ಗಳಲ್ಲಿ ಕೆಲವು, ಅಡಾಪ್ಟರ್ ಇರಲಿ ಬಿಡಲಿ, ನಾನು ಸೆಲ್ಫ್ ಪವರ್ಡ್, ಅಂದರೆ ನನಗೆ ನನ್ನದೇ ಪವರ್ ಇದೆ, ಅಂತಲೇ ಹೇಳುತ್ತವೆ. ಲಿನಕ್ಸ್‌ನ ಒಳತಿರುಳಾದ ಕರ್ನಲ್ ಅದನ್ನು ನಂಬಿ ಎಲ್ಲರಿಗೂ 500 ಮಂಜೂರು ಮಾಡುತ್ತದೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ಹಬ್ಬಿನ ಸಾಲು ನೋಡಿದರೆ ಗೊತ್ತಾಗುತ್ತದೆ.

ಹಳೇಜಾಯ್‌ಸ್ಟಿಕ್:
ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ.

ನಾಲ್ಕುಪ್ಯಾಡ್:
ನಿನ್ನೆ ರಾತ್ರಿ ಎರಡೂ ಬ್ಲೂಟೂತ್ ಪ್ಯಾಡ್‌ಗಳನ್ನು ಬೇರೆ ಚಾರ್ಜರಿಗೆ ಹಾಕಿ ತುಂಬಿಸಿದೆ. ಇವತ್ತು ಅದೇ ಹಬ್, ಅದೇ ಕೇಬಲ್. ಮೂರು ಗಂಟೆ ಆಡಿದೆವು. ಒಂದೇ ಒಂದು ಸಲ ಕಟ್ ಆಯಿತು, ನಾಲ್ಕು ಕಾರು ಒಟ್ಟಿಗೆ ಗೋಡೆಗೆ ಗುದ್ದಿದಾಗ. ಎಲ್‌ಎಸ್‌ಯುಎಸ್‌ಬಿಯಲ್ಲಿ ಹಬ್ ಸೆಲ್ಫ್ ಪವರ್ಡ್ ಅಂತಲೇ ಇದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಬ್ ಮೇಲೆ 5 ವೋಲ್ಟ್ 2 ಆಂಪ್ ಅಂತ ಬರೆದಿದೆ, ಅಂಥ ಅಡಾಪ್ಟರ್ ಒಂದು ಮನೆಯಲ್ಲೇ ಇದೆ. ಹಾಕಬಹುದಾ?

ಮೀಟರ್‌ಹಿಡಿದವ:
ಪಿನ್ ದಪ್ಪ ಹೊಂದಿದರೆ ಸಾಲದು, ಒಳಗಿನ ಪಿನ್ ಪ್ಲಸ್ಸೋ ಮೈನಸ್ಸೋ ಅನ್ನುವ ಚಿತ್ರ ಹಬ್ಬಿನ ಮೇಲೂ ಅಡಾಪ್ಟರ್ ಮೇಲೂ ಒಂದೇ ಇರಬೇಕು. ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ಅಡಾಪ್ಟರ್ ಹಾಕಿದ ಹಬ್ಬನ್ನು ಪೈಗೆ ಜೋಡಿಸಿ, ಪೈ ಶಟ್‌ಡೌನ್ ಮಾಡಿ, ಅದರ ಪವರ್ ಕೇಬಲ್ ಕಿತ್ತು ನೋಡಿ. ಪೈಯ ಕೆಂಪು ದೀಪ ಪೂರ್ತಿ ಆರಬೇಕು.

ನಾಲ್ಕುಪ್ಯಾಡ್:
ಚಿತ್ರ ಎರಡರಲ್ಲೂ ಒಂದೇ. ಹಾಕಿದೆ, ಪೈಯ ಕೇಬಲ್ ಕಿತ್ತೆ. ಕೆಂಪು ದೀಪ ಮಂಕಾಗಿ ಉರಿಯುತ್ತಲೇ ಇದೆ.

ಮೀಟರ್‌ಹಿಡಿದವ:
ಹಬ್ ತನ್ನ ಅಡಾಪ್ಟರಿನ 5 ವೋಲ್ಟನ್ನು ವಾಪಸ್ ಪೈ ಒಳಗೆ ತಳ್ಳುತ್ತಿದೆ. ಈಗಲೇ ಅಡಾಪ್ಟರ್ ತೆಗೆಯಿರಿ. ಆ ಹಬ್ ಬೇಡ. ಹೊಸದು ತರುವ ತನಕ ವೈರ್ ಪ್ಯಾಡ್ ಎರಡನ್ನು ಹಬ್ಬಿಗೆ ಹಾಕಿ, ಬ್ಯಾಟರಿ ಪ್ಯಾಡ್ ಎರಡನ್ನು ಬ್ಲೂಟೂತ್‌ನಲ್ಲೇ ಆಡಿ.

ಪೈಪ್ರಿಯ:
ಬ್ಲೂಟೂತ್ ಬೇಡ ಸರ್, ತಡವಾಗುತ್ತದೆ. 24 ಗೇಜ್ ಕೇಬಲ್ ತನ್ನಿ.

ನಾಲ್ಕುಪ್ಯಾಡ್:
ತೆಗೆದೆ. ದೀಪ ಆರಿತು. ಇವತ್ತು ರಾತ್ರಿ ಬ್ಲೂಟೂತ್‌ನಲ್ಲಿ ಆಡಿ ನೋಡಿ, ನಾಳೆ ಇಲ್ಲೇ ಬರೆಯುತ್ತೇನೆ.