ಅಪ್‌ಡೇಟ್: 40 ಪುಷ್‌ಅಪ್ 14ಕ್ಕೆ ಇಳಿಯಿತು

ಹೋದ ತಿಂಗಳು ಕೇಳಿದ್ದೆ: ನಿಮಿಷಕ್ಕೆ 40 ಪುಷ್‌ಅಪ್ ಹೊಡೆಯುತ್ತೇನೆ, ಆದರೆ ಬಲ ಭುಜ ನೋಯುತ್ತದೆ, ಸ್ಪೀಡ್ ಬಿಡಬೇಕಾ ಅಂತ. ವಿಡಿಯೊ ಮಾಡಿ ನೋಡು ಅಂದಿದ್ದಿರಿ. ಮಾಡಿದೆ. ನಾಚಿಕೆಯಾಯಿತು.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ತೆಗೆದಿದ್ದು. ಸೊಂಟ ಜೋತುಬಿದ್ದಿದೆ. ಮೊಣಕೈ ಕೋಳಿ ರೆಕ್ಕೆ ಥರ ಪಕ್ಕಕ್ಕೆ ಚಾಚಿದೆ. ಎದೆ ಅರ್ಧಕ್ಕೂ ಇಳಿಯುತ್ತಿಲ್ಲ, ತಲೆ ಮಾತ್ರ ಕೋಲೆ ಬಸವನ ಹಾಗೆ ಆಡುತ್ತಿದೆ! ಹಿಂದೆ ಗರಡಿ ಮನೆಗೆ ಹೋಗುತ್ತಿದ್ದ ದೊಡ್ಡಪ್ಪ ನೋಡಿ, ‘ಇದೇನ್ಲಾ, ಸಾಮು ಮಾಡ್ತಿದ್ದೀಯೋ, ನೆಲ ಮೂಸ್ತಿದ್ದೀಯೋ?’ ಅಂದರು.

ಎದೆ ಕೆಳಗೆ ಮಡಚಿದ ಟವೆಲ್ ಇಟ್ಟೆ. ಎದೆ ತಾಗಿದರೆ ಮಾತ್ರ ಲೆಕ್ಕ. ಮೊಣಕೈ ಸುಮಾರು 45 ಡಿಗ್ರಿ, ಇಳಿಯಲು 3 ಸೆಕೆಂಡ್, ಕೆಳಗೆ ಒಂದು ಕ್ಷಣ ನಿಂತು ಆಮೇಲೆ ಜೋರಾಗಿ ಮೇಲಕ್ಕೆ. ಮೊದಲ ದಿನ ಒಂಬತ್ತಕ್ಕೇ ಕೈ ನಡುಗಿತು. ಸರಸರ ಬಿದ್ದೆದ್ದರೆ ಆ ಎಗರುವಿಕೆಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ನಿಧಾನಕ್ಕೆ ಇಳಿದರೆ ಎದೆ, ತೋಳುಗಳೇ ಭಾರ ಹೊರಬೇಕು ಅಲ್ವಾ. ಈಗ 14ಕ್ಕೆ ಬಂದಿದ್ದೇನೆ.

ಸ್ಪೀಡ್ ಪೂರ್ತಿ ಬಿಡು ಅಂದವರ ಮಾತು ಮಾತ್ರ ಕೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬಸ್ಕಿ ಈಗಲೂ ಬೇಗ ಬೇಗ ಹೊಡೆಯುತ್ತೇನೆ. ಮಂಡಿ ಒಳಗೆ ವಾಲಿದ ಕೂಡಲೇ ಆ ಸೆಟ್ ಅಲ್ಲಿಗೇ ಮುಗಿಯಿತು.

ಭುಜದ ನೋವು ಮೂರನೇ ವಾರಕ್ಕೆ ಜಾಸ್ತಿ ಭಾಗ ಹೋಯಿತು. ಸ್ಕೂಟರಿಗೆ ಸೆಂಟರ್ ಸ್ಟ್ಯಾಂಡ್ ಹಾಕುವಾಗ ಇನ್ನೂ ಚುಳ್ ಅನ್ನುತ್ತದೆ. ಈ ವಾರವೂ ಹಾಗೇ ಇದ್ದರೆ ಫಿಸಿಯೊಗೆ ತೋರಿಸುತ್ತೇನೆ.