ಇಸ್ಲಾಂ ಸ್ವೀಕರಿಸಿದ್ದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಬಹುದಾ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಊರು ಮಡಿಕೇರಿ ಕಡೆ, ಕೆಲಸ ಮೈಸೂರಲ್ಲಿ. ಎರಡು ವರ್ಷ ಓದಿ, ಯೋಚಿಸಿ ಇಸ್ಲಾಂ ಸ್ವೀಕರಿಸಿದ್ದೇನೆ. ಯಾರ ಒತ್ತಾಯವೂ ಇಲ್ಲ, ಮದುವೆ ವಿಷಯವೂ ಅಲ್ಲ. ಮನೆಯಲ್ಲಿ ಎಲ್ಲರನ್ನೂ ನಗಿಸುವವಳು ನಾನೇ. ಸುಗ್ಗಿ ಹಬ್ಬ ಪುತ್ತರಿಗೆ ಹೋದಾಗ ನಗಿಸುತ್ತಲೇ ಹೇಳಿಬಿಡೋಣ ಅಂತಿದ್ದೇನೆ. ಹೀಗೆ ಹೇಳಿದವರು ಇದ್ದೀರಾ?

ವಿರಾಜಪೇಟೆ ಕಡೆಯವನು: ಹೇಳಬಹುದು ತಂಗಿ, ನಾನು ಹೇಳಿದ್ದೇನೆ. ನಮ್ಮ ತೋಟಕ್ಕೆ ಆನೆ ಬರ್ತದೆ. ಹಲಸು ಹಣ್ಣಾದರೆ ಅಂಗಳದವರೆಗೂ ಬರ್ತದೆ. ರಜೆಗೆ ಹೋಗಿದ್ದಾಗ ಒಂದು ಬೆಳಗಿನ ಜಾವ ಹಿತ್ತಲಲ್ಲಿ ವುಝೂಗೆ ಕೈಕಾಲು ಮುಖ ತೊಳೀತಿದ್ದೆ. ಚೊಂಬು ಕೈಜಾರಿ ಕಲ್ಲಿನ ಮೇಲೆ ಬಿತ್ತು. ಅಪ್ಪ ಟಾರ್ಚು ಹಿಡಿದು ಓಡಿ ಬಂದರು. "ಆನೆಯಾ?" ಅಂದರು. "ಆನೆ ಅಲ್ಲ ಅಪ್ಪ, ನಾನು. ಅದು ಹಲಸಿಗೆ ಏಳ್ತದೆ, ನಾನು ನಮಾಜಿಗೆ ಎದ್ದೆ" ಅಂದೆ. ಟಾರ್ಚಿನ ಬೆಳಕು ನನ್ನ ಒದ್ದೆ ಕಾಲಿನ ಮೇಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ, "ಆನೆಯಾಗಿದ್ರೆ ಪಟಾಕಿ ಹೊಡೆದು ಓಡಿಸಬಹುದಿತ್ತು" ಅಂದರು. ಇಬ್ಬರೂ ನಕ್ಕೆವು.

ಆಮೇಲೆ ಟಾರ್ಚು ಆರಿಸಿ ಮೆಟ್ಟಿಲ ಮೇಲೆ ಕೂತು "ನಿಜವಾ?" ಅಂತ ಕೇಳಿದರು. ಅಲ್ಲಿಗೆ ತಮಾಷೆ ಬಿಟ್ಟೆ. ಯಾವಾಗ, ಯಾಕೆ, ಎಲ್ಲ ಹೇಳಿದೆ. ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ರಂಜಾನಿನಲ್ಲಿ ಊರಲ್ಲಿದ್ದರೆ ಉಪವಾಸಕ್ಕೆ ಮೊದಲಿನ ಸಹರಿ ಊಟಕ್ಕೆ ಎಬ್ಬಿಸುವುದು ಅವರೇ. "ಏಳು, ಆನೆ ಬಂತು" ಅಂತಾರೆ.

"ನಿಜವಾ" ಅಂತ ಕೇಳಿದ ಮೇಲೆ ಒಂದೂ ತಮಾಷೆ ಬೇಡ ತಂಗಿ. ಆಗಲೂ ನಗಿಸಿದರೆ ಸುಮ್ನೆ ಹೇಳಿದೆ ಅಂದುಕೊಳ್ತಾರೆ. ಎರಡನೇ ಸಲ ಹೇಳುವುದು ಇನ್ನೂ ಕಷ್ಟ.

ನಾಪೋಕ್ಲು ಕಡೆಯವಳು: ನಾನು ಎಡವಿದ್ದನ್ನೂ ಕೇಳಿ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಊಟಕ್ಕೆ ಎಲ್ಲರೂ ಕೂತಿದ್ದೆವು. ಎಲೆಗೆ ಅಕ್ಕಿ ಕಡುಬು, ಕಡಂಬುಟ್ಟು ಬಿದ್ದಿತ್ತು. ಅವ್ವ ಪಂದಿ ಕರಿ, ಅಂದರೆ ಹಂದಿ ಸಾರು, ಬಡಿಸುತ್ತಾ ಬಂದರು. "ನನ್ನ ಪಾಲು ಇನ್ನು ಮೇಲೆ ಯಾವಾಗ್ಲೂ ಅಣ್ಣನಿಗೆ" ಅಂದೆ. ಎಲ್ಲರೂ ನಕ್ಕರು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಕ್ಕರಲ್ಲ ಅನ್ನುವ ಖುಷಿಯಲ್ಲಿ ಗುರುಕಾರೋಣರಿಗೆ, ಅಂದರೆ ಹಿರಿಯರಿಗೆ, ಮೀದಿ (ಎಡೆ) ಇಡುವುದರ ಬಗ್ಗೆಯೂ ಒಂದು ಮಾತು ಆಡಿಬಿಟ್ಟೆ. ಅವ್ವನ ಕೈ ಹಾಗೇ ನಿಂತಿತು. ಸೌಟಿನಿಂದ ಕಪ್ಪು ರಸ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾನು ಮತ ಬಿಟ್ಟದ್ದಕ್ಕಿಂತ ಆ ಮಾತೇ ಅವರಿಗೆ ಜಾಸ್ತಿ ನೋವು ಕೊಟ್ಟಿತು. ಕ್ಷಮೆ ಕೇಳಿ, ಅವರು ಮೊದಲಿನ ಹಾಗೆ ಮಾತಾಡಲು ಒಂದು ವರ್ಷ ಹಿಡಿಯಿತು.

ನಿಮ್ಮ ವಿಷಯಕ್ಕೆ ಎಷ್ಟು ಬೇಕಾದರೂ ನಗಿಸಿ. ಮನೆಯವರ ನಂಬಿಕೆಯನ್ನು ಮುಟ್ಟಬೇಡಿ. ಕುರ್‌ಆನ್ 49:11ರಲ್ಲಿ ಒಬ್ಬರನ್ನೊಬ್ಬರು ಗೇಲಿ ಮಾಡಬೇಡಿ ಅಂತಿದೆ. 31:15ರಲ್ಲಿ, ತಂದೆತಾಯಿ ಹೇಳಿದ ದಾರಿ ಹಿಡಿಯಲಾಗದಿದ್ದರೂ ಅವರ ಜೊತೆ ಚೆನ್ನಾಗಿ ಬಾಳು ಅಂತಿದೆ. ನನಗೆ ಇದು ತಡವಾಗಿ ಅರ್ಥವಾಯಿತು.

ಇನ್ನೊಂದು, ಪುತ್ತರಿ ದಿನ ಬೇಡ. "ಪೊಲಿ ಪೊಲಿ ದೇವಾ" ಅಂತ ಭತ್ತದ ಕದಿರು ತೆಗೆಯುವ ರಾತ್ರಿ ಇಡೀ ಮನೆಯದ್ದು. ಎರಡು ದಿನ ಬಿಟ್ಟು ಹೇಳಿ. ಮೊದಲು ಅವ್ವನಿಗೆ, ಅಡುಗೆಮನೆಯಲ್ಲಿ, ಬೇರೆ ಯಾರೂ ಇಲ್ಲದಾಗ.

ಕುಶಾಲನಗರದಿಂದ, ಹುಟ್ಟಿನಿಂದ ಮುಸ್ಲಿಂ: ಪ್ರವಾದಿಯವರೂ ತಮಾಷೆ ಮಾಡುತ್ತಿದ್ದರು, ಆದರೆ ಸುಳ್ಳು ಬೆರೆಸುತ್ತಿರಲಿಲ್ಲ. ಒಬ್ಬ ಸವಾರಿಗೆ ಒಂಟೆ ಕೇಳಿದನಂತೆ. "ಒಂಟೆಯ ಮರಿ ಕೊಡ್ತೇನೆ" ಅಂದರು. "ಮರಿ ತಗೊಂಡು ಏನು ಮಾಡಲಿ?" ಅಂದ. "ಎಲ್ಲ ಒಂಟೆಯೂ ಒಂದು ಒಂಟೆಯ ಮರಿಯೇ ಅಲ್ವಾ?" ಅಂದರು. ತಿರ್ಮಿದಿ ಹದೀಸ್ ಸಂಗ್ರಹದಲ್ಲಿ ಇದೆ. ಹಾಗಾಗಿ "ಮುಸ್ಲಿಂ ಆದ್ರೆ ಏನ್ಮಾಡ್ತೀರಿ" ಅಂತ ಕೇಳಿ, ಅವರ ಮುಖ ನೋಡಿ "ಸುಮ್ನೆ ಅಂದೆ" ಅನ್ನಬೇಡಿ. ಅದು ಸುಳ್ಳಾಗ್ತದೆ.

ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ, ಮತ ಬದಲಿಸುವವರು ಜಿಲ್ಲಾಧಿಕಾರಿಗೆ 30 ದಿನ ಮೊದಲೇ ತಿಳಿಸಬೇಕು ಅಂತಿತ್ತು. 2023ರಲ್ಲಿ ರಾಜ್ಯ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಕಾಗದಪತ್ರಕ್ಕೆ ಕೈಹಾಕುವ ಮೊದಲು ವಕೀಲರೊಬ್ಬರನ್ನು ಕಾಣಿ.

ಹೆಸರು ಬದಲಾಯಿಸಲೇಬೇಕು ಅಂತ ಇಸ್ಲಾಮಿನಲ್ಲಿ ಇಲ್ಲ, ಅರ್ಥ ಕೆಟ್ಟದಿರಬಾರದು ಅಷ್ಟೇ. ಅವರು ಇಟ್ಟ ಹೆಸರು ಹಾಗೇ ಇರ್ತದೆ ಅಂತ ಅವ್ವನಿಗೆ ಮೊದಲೇ ಹೇಳಿ.